ನಾಲೆ ದಡದ ಮೂರು ಕಲ್ಲು

ಗಾಳಿ, ಶಾಪ, ದೇವರು ಮುನಿದುಕೊಳ್ಳುವುದು ಎಂದೆಲ್ಲ ಯಾರಾದರೂ ಶುರು ಮಾಡಿದರೆ ನನಗೆ ಮೈ ಉರಿಯುತ್ತಿತ್ತು. ಮಳವಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಅಂಥ ಕಥೆ ತಂದ ಮಕ್ಕಳನ್ನು ಬೈದು ಕೂರಿಸಿದ್ದೇನೆ. ಈಗ ಬೈಯುವುದನ್ನು ಬಿಟ್ಟಿದ್ದೇನೆ. ಯಾಕೆಂದು ಹೇಳಿಬಿಡುತ್ತೇನೆ, ನಗುವವರು ನಗಲಿ.

ಆರು ವರ್ಷದ ಹಿಂದಿನ ಮಾತು. ಆಗ ನಾನು, ನನ್ನ ಗಂಡ ಮಂಡ್ಯದ ಗುತ್ತಲಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಸಾರಿಗೆ ಉಪ್ಪು ಹೆಚ್ಚಾದರೂ ಜಗಳ, ಫ್ಯಾನು ಆರಿಸಿದರೂ ಜಗಳ. ಬೆಸಗರಹಳ್ಳಿಯ ತವರಿಗೆ ಹೋಗಿ ಇದ್ದುಬಿಡುತ್ತೇನೆ ಎಂದು ಬಟ್ಟೆ ಜೋಡಿಸಿಟ್ಟಿದ್ದೆ. "ಒಂದ್ಸಲ ಇಬ್ರೇ ಎಲ್ಲಾರ ಓಗ್ಬರಾಣ ಕಣೆ. ಆಮೇಲೂ ಆಗಾಕಿಲ್ಲ ಅಂದ್ರೆ ನಿನ್ನಿಷ್ಟ" ಅಂದರು ಇವರು. ನನಗೂ ಒಳಗೊಳಗೇ ಆಸೆಯಿತ್ತು, ಸುಳ್ಳೇಕೆ ಹೇಳಲಿ. ಕಾರಿನಲ್ಲಿ ಟೆಂಟು ಹಾಕಿಕೊಂಡು ಮೂರು ದಿನ ಕರಾವಳಿಯುದ್ದಕ್ಕೂ ಹೋಗುವುದೆಂದು ಹೊರಟೆವು.

ಸಮುದ್ರಕ್ಕೆ ಹೋದರೂ ನಮ್ಮವರಿಗೆ ಮುದ್ದೆ ಬೇಕು. ಟೆಂಟಿನ ಜೊತೆ ಒಯ್ಯುವ ಆ ಪುಟಾಣಿ ಗ್ಯಾಸ್ ಒಲೆಯ ಮೇಲೆ ಕೋಲು ಹಾಕಿ ಒತ್ತಿ ತಿರುವಿದರೆ ಪಾತ್ರೆಯೇ ಮಗುಚಿಕೊಳ್ಳುತ್ತದೆ. ಮರಳಲ್ಲಿ ಒಲೆ ಹೂಡಲು ಕಲ್ಲು ಎಲ್ಲಿ ಸಿಗಬೇಕು? ಅದಕ್ಕೆ ಕೊತ್ತತ್ತಿ ಹತ್ತಿರ ಕಾರು ನಿಲ್ಲಿಸಿ, ನಾಲೆ ದಡದ ಹೊಂಗೆ ಮರದ ಕೆಳಗಿಂದ ಒಂದೇ ಅಳತೆಯ ಮೂರು ಕಲ್ಲು ಎತ್ತಿ ಡಿಕ್ಕಿಗೆ ಹಾಕಿದರು.

ಅಲ್ಲಿ ಏಳು ಕಲ್ಲು ಸಾಲಾಗಿದ್ದವು. ನಮ್ಮ ಕಡೆ ನೀರಿನ ದಡದಲ್ಲಿ ಹಾಗೆ ಏಳು ಕಲ್ಲು ನೆಟ್ಟು, ಏಳು ಜನ ಅಕ್ಕತಂಗಿಯರೆಂದು ಅರಿಶಿನ ಹಚ್ಚಿ ಪೂಜೆ ಮಾಡುತ್ತಾರೆ. ಮಂಡ್ಯದ ಪೇಟೆಯಲ್ಲೇ ಬೆಳೆದ ಅವರಿಗೆ ಅದು ತಿಳಿಯದು. ನನಗೆ ತಿಳಿದಿತ್ತು. ಒಂದು ಕಲ್ಲಿನ ಸಂದಿಯಲ್ಲಿ ಅರಿಶಿನವನ್ನೂ ಕಂಡೆ. ವಿಜ್ಞಾನದ ಮೇಡಂ ಅಲ್ಲವೇ, ಸುಮ್ಮನಿದ್ದೆ. ಬಟ್ಟೆ ಒಗೆಯುತ್ತಿದ್ದ ಮುದುಕಿಯೊಬ್ಬಳು ಕೂಗಿದಳು: "ಏಯ್, ಆ ಕಲ್ಗಳ್ನ ಯಾಕ್ಲಾ ಎತ್ಗಂಡೆ? ಮಡುಗ್ಲಾ ಅಲ್ಲೇ! ಒಂದ್ನೊಂದು ಬುಟ್ಟು ಇರಾಕಿಲ್ಲ ಕಣ್ಲಾ ಅವು!"

"ತಂದ್ಮಡುಗ್ತೀನಿ ಬುಡಜ್ಜಿ" ಎಂದು ಇವರು ನಕ್ಕು ಕಾರು ಹತ್ತಿದರು.

ಕರಾವಳಿ ನಮಗೆ ಮುಖ ಕೊಡಲಿಲ್ಲ. ಟೆಂಟು ಹಾಕಲು ಹೋದ ಕಡೆಯಲ್ಲೆಲ್ಲ ಯಾರಾದರೂ ಬಂದು ಎಬ್ಬಿಸಿದರು. ನಾಯಿಗಳು ಕಾರಿನ ಡಿಕ್ಕಿಯ ಸುತ್ತ ನಿಂತು ಬೊಗಳಿದವು. ಕೊನೆಗೆ ಸಂಜೆ, ಜನರಿಲ್ಲದ ಒಂದು ದಂಡೆಯಲ್ಲಿ ಗಾಳಿಮರದ ಸೌದೆ ಆಯ್ದು ಒಲೆ ಹಚ್ಚಿದೆ. ಬೆಂಕಿ ಧಗಧಗ ಉರಿಯಿತು. ಎಷ್ಟು ಹೊತ್ತಾದರೂ ನೀರು ಕುದಿಯಲಿಲ್ಲ. ಪಾತ್ರೆಗೆ ಬೆರಳಿಟ್ಟೆ, ತಣ್ಣಗಿತ್ತು. ಕಲ್ಲು ಮುಟ್ಟಿದೆ. ಆಗಷ್ಟೇ ನಾಲೆಯಿಂದ ತೆಗೆದ ಹಾಗೆ ಒದ್ದೆಯಾಗಿತ್ತು.

"ಒಲೆ ಅಚ್ಚಾಕೂ ಬರಾಕಿಲ್ವಾ ನಿಂಗೆ?" ಅಂದರು. ಅಷ್ಟು ಸಾಕಾಯಿತು. ಅವರ ಅಮ್ಮ, ನಮ್ಮಪ್ಪ, ಮದುವೆಯ ಊಟ, ಒಂದನ್ನೂ ಬಿಡದೆ ಕಿತ್ತಾಡಿದೆವು. ಬಿಸ್ಕತ್ತು ತಿಂದು, ಟೆಂಟಿನ ಜಿಪ್ಪು ಎಳೆದು, ಬೆನ್ನಿಗೆ ಬೆನ್ನು ಹಾಕಿ ಮಲಗಿದೆವು.

ಬೆಳಗಿನ ಜಾವ ಬೆನ್ನು ಥಂಡಿ ಹೊಡೆದು ಎಚ್ಚರವಾಯಿತು. ಹೊರಳಿ ನೋಡುತ್ತೇನೆ, ನಮ್ಮಿಬ್ಬರ ನಡುವೆ ಆ ಮೂರು ಕಲ್ಲು ಸಾಲಾಗಿ ನಿಂತಿವೆ. ಕೆಳಗಿನ ಚಾಪೆ ನೆಂದು ನಾಲೆಯ ಕೆಸರು ವಾಸನೆ ಬರುತ್ತಿತ್ತು. ಜಿಪ್ಪು ಒಳಗಿಂದ ಹಾಕಿದ್ದು ಹಾಗೇ ಇತ್ತು. ಅಯ್ಯೋ ಎಂದು ಕಿರುಚಿದೆ.

ಅವರು ಎದ್ದು ಕಲ್ಲು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಆ ಮುಖದಲ್ಲಿ ಹೆದರಿಕೆ ಇರಲಿಲ್ಲ, ದ್ವೇಷವಿತ್ತು. "ನನ್ ಜೊತೆ ಇರಾಕ್ ಇಷ್ಟ ಇಲ್ಲಾಂದ್ರೆ ಬಾಯ್ಬುಟ್ಟು ಯೇಳು. ಇಂಥ ನಾಟ್ಕ ಯಾಕೆ?"

"ನಾನಾ? ನನ್ನ ಹೆದರಿಸಿ ಓಡಿಸೋಕೆ ನೀವೇ ಇಟ್ಟಿದ್ದು!" ಅಂದೆ. ಹಾಗೆಂದೇ ನಂಬಿದ್ದೆ ಕೂಡ. ಟೆಂಟಿನೊಳಗೆ ಇದ್ದವರು ಇಬ್ಬರೇ. ನಾನಲ್ಲವೆಂದ ಮೇಲೆ ಅವರಲ್ಲದೆ ಇನ್ಯಾರು?

ಮೂರು ದಿನದ ಪ್ರವಾಸ ಅಲ್ಲಿಗೇ ಮುಗಿಯಿತು. ಕೊತ್ತತ್ತಿಯಲ್ಲಿ ನಾನೇ ಇಳಿದು ಕಲ್ಲುಗಳನ್ನು ಅವುಗಳ ಗುಳಿಯಲ್ಲೇ ನಿಲ್ಲಿಸಿದೆ. ಏಳೂ ಕೂಡಿಕೊಂಡವು. ಕಾರಿಗೆ ಬಂದು, ಬೆಸಗರಹಳ್ಳಿಗೆ ಬಿಡಿ ಅಂದೆ. ಬಿಟ್ಟರು. ಗುತ್ತಲಿನ ಮನೆಗೆ ನಾನು ಮತ್ತೆ ಹೋಗಲಿಲ್ಲ.

ಕಳೆದ ತಿಂಗಳು ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವರು ಸಿಕ್ಕಿದರು. ತಲೆ ನರೆತಿದೆ. ಅದೂ ಇದೂ ಮಾತಾಡಿ, ಕೊನೆಗೆ ಮೆಲ್ಲಗೆ ಕೇಳಿದರು: "ಇವಾಗ್ಲಾದ್ರೂ ನಿಜ ಯೇಳು. ಬೇಜಾರ್ ಮಾಡ್ಕಳಾಕಿಲ್ಲ. ನೀನೇ ತಾನೆ ಮಡುಗಿದ್ದು?"

ನಾನು ಅದನ್ನೇ ಅವರನ್ನು ಕೇಳಬೇಕೆಂದಿದ್ದೆ. ಅಲ್ಲ ಅಂದೆ, ಅವರು ನಂಬಲಿಲ್ಲ. "ನಾನೂ ಅಲ್ಲ ಕಣಮ್ಮ, ನಮ್ಮವ್ವನಾಣೆ" ಅಂದರು, ನಾನು ನಂಬಲಿಲ್ಲ. ಕಲ್ಲು ತಾನಾಗಿ ಬಂತು ಎನ್ನುವುದಕ್ಕಿಂತ ಅವರು ಸುಳ್ಳರೆನ್ನುವುದು ನನಗೆ ಸುಲಭ, ಇವತ್ತಿಗೂ. ಅವತ್ತು ಟೆಂಟಿನಲ್ಲಿ ಒಬ್ಬರಾದರೂ ಹೆದರಿ ಇನ್ನೊಬ್ಬರ ಕೈ ಹಿಡಿದಿದ್ದರೆ, ಈಗ ಇಬ್ಬರೂ ಒಂದೇ ಬಸ್ಸಿಗೆ ಕಾಯುತ್ತಿದ್ದೆವೋ ಏನೋ. ಮಂಡ್ಯದ ಬಸ್ಸು ಬಂತು, ಅವರು ಹತ್ತಿ ಹೋದರು.