ಸೋತ ವರ್ಷದ ಗೇಟು

ಲಾಕ್‌ಡೌನಿನ ಆ ಏಪ್ರಿಲ್‌ನಲ್ಲಿ, ಲಿಮೆರಿಕ್ ಎಂಬ ಐರಿಷ್ ಊರಿನ ಅಂಚಿನ ಆ ಮನೆಯಲ್ಲಿ ನಾವಿಬ್ಬರೇ ಇದ್ದೆವು: ಎಂಬತ್ತರ ಹತ್ತಿರದ ಮನೆಯೊಡತಿ, ಮತ್ತು ಕ್ಲಾಸುಗಳು ನಿಂತು ಊರಿಗೆ ವಿಮಾನವೂ ಇಲ್ಲದೆ ಉಳಿದ ಬಾಡಿಗೆಯವಳು ನಾನು. ಅವರನ್ನು ಅಜ್ಜಿ ಎನ್ನುತ್ತಿದ್ದೆ. ಅರ್ಥ ಕೇಳಿ ಒಪ್ಪಿಕೊಂಡಿದ್ದರು. ಎಪ್ಪತ್ತು ದಾಟಿದವರು ಹೊರಗೆ ಕಾಲಿಡಬಾರದೆಂದು ಸರ್ಕಾರ ಹೇಳಿತ್ತು. ಅಜ್ಜಿಯ ಲೋಕ ಗೇಟಿಗೆ ಮುಗಿಯುತ್ತಿತ್ತು, ನನ್ನದು ಅಂಗಡಿಗೆ. ದಿನಚರಿಯಲ್ಲಿ ತಾರೀಖು ಹಾಕಿದ ಮೇಲೆ ಬರೆಯಲು ಏನೂ ಸಿಗುತ್ತಿರಲಿಲ್ಲ.

ಒಂದು ಸೋಮವಾರ ಕೆನಡಾದಿಂದ ಫೋನ್ ಬಂತು. ಅಜ್ಜಿಯ ತಮ್ಮ ತೀರಿಕೊಂಡಿದ್ದರು. ಇದೇ ಮನೆಯಲ್ಲಿ ಹುಟ್ಟಿ, ಬಡಗಿ ಕೆಲಸಕ್ಕೆಂದು ಅಲ್ಲಿಗೆ ಹೋಗಿ, ಪ್ರಾಂತ್ಯದ ಶಾಸನಸಭೆಗೆ ಮೂರು ಸಲ ಗೆದ್ದವರು. ಪಕ್ಷದವರು ಬರೆದು ಅವರ ಮಗ ಕಳಿಸಿದ ಜೀವನ ವಿವರವನ್ನು ವರ್ಷವಾರು ಜೋಡಿಸಿ ಓದಿ ಹೇಳಿದೆ. ಸೇತುವೆ, ಆಸ್ಪತ್ರೆ, ಸಮಿತಿಗಳು.

"ಇಲ್ಲೊಂದು ವರ್ಷ ಬಿಟ್ಟುಹೋಗಿದೆ, ಅಜ್ಜಿ."

"ಸೋತ ವರ್ಷ ಅದು. ಪಕ್ಷದವರು ಯಾಕೆ ಬರೀತಾರೆ? ನನಗೆ ಅವನು ಸಿಕ್ಕಿದ್ದೇ ಆ ವರ್ಷ. ಬೇಸಿಗೆಯಿಡೀ ಇಲ್ಲಿದ್ದ. ಗೇಟಿಗೆ ಹಸಿರು ಬಣ್ಣ ಹೊಡೆದ. ಕೆಟ್ಟದಾಗಿ."

ಇಲ್ಲಿ ಸಮಾಧಿಗೆ ಒಯ್ಯುವ ಮುನ್ನ ಶವದ ಗಾಡಿ ಮನೆಯೆದುರು ಒಂದು ನಿಮಿಷ ನಿಲ್ಲಬೇಕು. ಅದನ್ನು ನೆನೆದೇ ಅಜ್ಜಿ ಅತ್ತರು. "ಊರವರ ಬಾಗಿಲೆಲ್ಲ ತಟ್ಟಿ ವೋಟು ಕೇಳಿದವನು ತನ್ನ ಬಾಗಿಲಲ್ಲಿ ನಿಲ್ಲದೆ ಹೋಗ್ತಾನಲ್ಲೇ!"

ಪಕ್ಕದ ಮನೆಯವರು ಗೋಡೆಯಾಚೆಯಿಂದ ಕೂಗಿದರು: "ಗಾಡಿ ಇಲ್ಲದಿದ್ದರೇನು, ಈ ಹುಡುಗಿಗೆ ಕಾಲಿಲ್ವಾ?"

ಗುರುವಾರ ಅಲ್ಲಿ ಶವದ ಗಾಡಿ ಹೊರಟಾಗ, ಹಿಂದಿನ ಕಾರಿನಿಂದ ಮಗ ವಿಡಿಯೊ ಕರೆ ಮಾಡಿದರು. ನಾನು ರಸ್ತೆಯ ತಿರುವಿನಲ್ಲಿ ಚಪ್ಪಲಿ ಬಿಟ್ಟು, ಫೋನನ್ನೇ ಗಾಡಿಯೆಂದು ಎರಡೂ ಕೈಯಲ್ಲಿ ಹಿಡಿದು ಮನೆಯ ಕಡೆ ನಡೆಯತೊಡಗಿದೆ. ಜನ ತಂತಮ್ಮ ಗೇಟಿನಲ್ಲಿ ಟೋಪಿ ತೆಗೆದು ನಿಂತಿದ್ದರು.

"ನಿಮ್ಮ ಮೂಗು ಬಿಟ್ಟು ಬೇರೇನೂ ಕಾಣ್ತಿಲ್ಲ," ಎಂದರು ಮಗ. ನಾಚಿ ಪರದೆಯನ್ನು ಹೊರಗೆ ತಿರುಗಿಸಿದೆ.

ನಮ್ಮ ಮನೆ ಬಂದಾಗ ಮಗ ಡ್ರೈವರಿಗೆ ಹೇಳಿ ಕೆನಡಾದಲ್ಲೂ ಗಾಡಿ ನಿಲ್ಲಿಸಿದರು. ಪರದೆಯಲ್ಲಿ ರಸ್ತೆ ಬದಿಯ ಹಿಮ, ಗಾಜಿನ ಹಿಂದೆ ಪೆಟ್ಟಿಗೆ. ಅಜ್ಜಿ ಗೇಟಿನ ಒಳಗಿಂದಲೇ ಬಾಗಿದರು.

"ನಿನ್ನ ಬಣ್ಣ ಇನ್ನೂ ಉದುರ್ತಾನೇ ಇದೆ, ನೋಡೋ."

ಗಾಡಿ ಮೆಲ್ಲನೆ ಹೊರಟಿತು. ಹಿಂದೆ ನಡೆಯುವುದು ಮನೆಯವರ ಪಾಲು. ಅಜ್ಜಿ ಚಿಲಕ ಎತ್ತಿದರು. ರಸ್ತೆ ನೋಡಿದರು. ಮತ್ತೆ ಇಳಿಸಿದರು.

"ಹೋಗು, ತಡವಾಗುತ್ತೆ," ಎಂದರು, ತಮ್ಮನಿಗೆ.

ರಸ್ತೆಯ ಕೊನೆಯವರೆಗೆ ನಡೆದು ಹಿಂತಿರುಗಿದಾಗ ಅವರು ಅಲ್ಲೇ ಇದ್ದರು, ಅಂಗೈ ತುಂಬ ಹಸಿರು ಚೂರು. ನಾನು ಹೊರಗೇ ನಿಂತೆ.

"ನಮ್ಮಲ್ಲಿ ಸ್ನಾನ ಮಾಡದೆ ಒಳಗೆ ಬರಬಾರದು, ಅಜ್ಜಿ."

"ಬಚ್ಚಲು ಒಳಗಿದೆ ಕಣೇ, ರಸ್ತೆಯಲ್ಲಿ ಮೀತೀಯಾ? ಬಾ."

ನಾನು ಒಳಬಂದ ಮೇಲೆ ಚಿಲಕ ಹಾಕಿ, ಎಳೆದು ನೋಡಿದರು.