ಎರಡನೆಯ ಪ್ರಶ್ನೆ

ಆಂಟಿಯ ನೆತ್ತಿಯ ಮೇಲೆ, ಹಣೆಯಿಂದ ನಾಲ್ಕು ಬೆರಳು ಹಿಂದಕ್ಕೆ, ಒಂದು ಅಡ್ಡ ತಗ್ಗು ಇತ್ತು. ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ ದಿನ ಅದು ಚೆನ್ನಾಗಿ ಕಾಣುತ್ತಿತ್ತು. ನನ್ನ ಮಗಳು ಅದರೊಳಗೆ ತೋರುಬೆರಳು ಮಲಗಿಸಿ, "ಡಸ್ ಇಟ್ ಹರ್ಟ್, ಅಜ್ಜಿ?" ಎಂದು ಕೇಳುತ್ತಿದ್ದಳು.

"ಇಲ್ಲ ಪುಟ್ಟಾ. ಅದು ಚಾ ಸೊಪ್ಪಿನ ಬುಟ್ಟಿಯ ಹಗ್ಗ ಕೂತುಕೊಳ್ಳುವ ಜಾಗ. ಬುಟ್ಟಿ ಹೋಯ್ತು, ಜಾಗ ಉಳೀತು."

ಅಮೆರಿಕದ ಸೌತ್ ಕೆರೊಲಿನಾದ ಫೋರ್ಟ್ ಮಿಲ್‌ನಲ್ಲಿ ನಮ್ಮದೂ ಅವರದೂ ಒಂದೇ ಗೋಡೆ ಹಂಚಿಕೊಂಡ ಟೌನ್‌ಹೋಮ್‌ಗಳು. ಅವರ ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಓದಿ, ರಾಜ್ಯದ ಗೆರೆಯಾಚೆ ಶಾರ್ಲಟ್‌ನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಕೊರೊನಾ ಬಂದ ವರ್ಷ ಅವಳು ಮನೆಗೆ ಬರುತ್ತಿದ್ದುದು ಸ್ನಾನಕ್ಕೆ ಮತ್ತು ನಿದ್ದೆಗೆ ಮಾತ್ರ. ಆಂಟಿ ದಿನವಿಡೀ ಒಬ್ಬರೇ. ಕನ್ನಡದವರೆಲ್ಲ ಅವರನ್ನು ಕರೆಯುತ್ತಿದ್ದುದು "ಸಿಲೋನ್ ಆಂಟಿ" ಎಂದು. ನಾನು ಒಮ್ಮೆಯೂ ಹಾಗೆ ಕರೆಯಲಿಲ್ಲ, ಅದಕ್ಕೆ ಕಾರಣವಿದೆ.

ನಾನು ಅವರನ್ನು ಮೊದಲು ನೋಡಿದ್ದು ಅಂಚೆಪೆಟ್ಟಿಗೆಗಳ ಹತ್ತಿರ. ಮಾಸ್ಕು ಗಲ್ಲಕ್ಕೆ ಇಳಿಸಿಕೊಂಡು ಫೋನಿನಲ್ಲಿ ಯಾರಿಗೋ "ಎಂಥ ಸಾವು ಮಾರಾಯ್ತಿ, ಇಲ್ಲಿ ಬಸಳೆ ಸಿಗುದಿಲ್ಲ" ಎನ್ನುತ್ತಿದ್ದರು. ಪುತ್ತೂರಿನವಳಾದ ನನಗೆ ಕಿವಿ ನೆಟ್ಟಗಾಯಿತು. ಫೋನ್ ಇಟ್ಟ ಕೂಡಲೇ "ಯಾವ ಊರು ಆಂಟಿ?" ಎಂದು ಕೇಳಿದೆ.

"ಸುಳ್ಯ" ಎಂದರು. ಎಂದವರು ಅಲ್ಲಿಂದ ಕದಲದೆ ನನ್ನ ಮುಖವನ್ನೇ ನೋಡುತ್ತಾ ನಿಂತರು. ಅವರ ಕನ್ನಡದಲ್ಲಿ ಒಂದು ತಮಿಳಿನ ಎಳೆತವಿತ್ತು. ಸುಳ್ಯದ ಕಡೆ ಬಸ್ಸಿನಲ್ಲಿ ಹೋಗುವಾಗ ರಬ್ಬರ್ ತೋಟಗಳ ನಡುವೆ ಲಂಕೆಯಿಂದ ಬಂದವರ ಕಾಲನಿಗಳನ್ನು ಕಂಡವಳು ನಾನು, ನನಗೆ ಗೊತ್ತಾಯಿತು. ಗೊತ್ತಾದ್ದರಿಂದಲೇ ಮುಂದಕ್ಕೆ ಕೇಳಲಿಲ್ಲ. "ನಂದು ಪುತ್ತೂರು, ಹಾಗಾದ್ರೆ ನಾವು ನೆರೆಕರೆ" ಎಂದೆ. ಸಂಜೆಗೆ ಅವರು ಒಂದು ಡಬ್ಬಿ ಹುರುಳಿ ಚಟ್ನಿ ತಂದುಕೊಟ್ಟರು. ಎಷ್ಟೋ ತಿಂಗಳ ಮೇಲೆ, "ನೀನು ಎರಡನೇ ಪ್ರಶ್ನೆ ಕೇಳ್ಳಿಲ್ಲ ನೋಡು, ಅದಕ್ಕೇ ಚಟ್ನಿ ತಂದದ್ದು" ಎಂದರು.

ಎರಡನೆಯ ಪ್ರಶ್ನೆ ಏನೆಂದು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಯಾವ ಊರು ಎಂಬುದಕ್ಕೆ ಉತ್ತರ ಬಂದ ತಕ್ಷಣ ನಾವು ಕೇಳುವುದು, "ಅಲ್ಲ, ಮೂಲ ಎಲ್ಲಿ?" ಬದುಕಿನಲ್ಲಿ ಒಂದೇ ಒಂದು ಸಲ, ತುಂಬಿದ ಸಭೆಯಲ್ಲಿ ತನ್ನ ಊರು ಹೇಳಬೇಕು, ಎಲ್ಲರೂ "ಹೌದಾ" ಎಂದು ಸುಮ್ಮನಾಗಬೇಕು. ಆಂಟಿಗೆ ಇದ್ದ ಆಸೆ ಅಷ್ಟೇ. ಬಂಗಾರ ಕೇಳಿದ್ದರೆ ಯಾರಾದರೂ ಕೊಡುತ್ತಿದ್ದರೇನೋ.

ಅವರು ಹುಟ್ಟಿದ್ದು ಲಂಕೆಯ ನಟ್ಟನಡುವಿನ ಬೆಟ್ಟಗಳಲ್ಲಿ, ಹ್ಯಾಟನ್ ಹತ್ತಿರದ ಒಂದು ಚಹಾ ತೋಟದ ಕೂಲಿಗಳ ಲೈನ್‌ಮನೆಯಲ್ಲಿ. ಮುತ್ತಜ್ಜನ ಕಾಲದಲ್ಲಿ ಬ್ರಿಟಿಷರು ತಮಿಳು ಸೀಮೆಯಿಂದ ಕೂಲಿಗೆಂದು ಹಡಗು ಹತ್ತಿಸಿದ ಜನ. ಬೆಟ್ಟ ಬೋಳಿಸಿ ಚಹಾ ನೆಟ್ಟವರು ಅವರೇ. ಲಂಕೆಗೆ ಸ್ವಾತಂತ್ರ್ಯ ಬಂದಾಗ ಆ ದೇಶ "ನೀವು ನಮ್ಮವರಲ್ಲ" ಎಂದಿತು. ಆಮೇಲೆ ಎರಡು ಸರಕಾರಗಳು ಕೂತು, ಇಷ್ಟು ಜನ ನಿಮಗೆ ಇಷ್ಟು ಜನ ನಮಗೆ ಎಂದು ಪಾಲು ಮಾಡಿಕೊಂಡವು. ಆಂಟಿಯ ಮನೆಯವರು ಇಂಡಿಯಾದ ಪಾಲಿಗೆ ಬಂದರು. ಇಂಡಿಯಾ ಅವರನ್ನು ಸುಳ್ಯದ ಕಾಡಿನಲ್ಲಿ ರಬ್ಬರ್ ತೋಟಕ್ಕೆ ಹಾಕಿತು. ಬುಟ್ಟಿ ಹೋಗಿ ರಬ್ಬರ್ ಹಾಲಿನ ಬಕೆಟ್ ಬಂತು. ತುಳು, ಕನ್ನಡ, ಅರೆಭಾಷೆ ಎಲ್ಲ ಬಂತು. ಅಲ್ಲಿ "ಇಂಡಿಯಾದವರು" ಎನಿಸಿಕೊಂಡವರು ಇಲ್ಲಿ "ಸಿಲೋನಿನವರು" ಆದರು.

ಆಂಟಿ ಆ ದ್ವೀಪವನ್ನು ಇಡಿಯಾಗಿ ನೋಡಿದ್ದು ಒಂದೇ ಸಲ. "ದೇಶ ನೋಡಿದ್ದು ದೇಶ ಬಿಡುವ ದಿನ" ಎನ್ನುತ್ತಿದ್ದರು. ಬೆಟ್ಟ ಇಳಿದ ರೈಲು ತೆಂಗಿನ ಸೀಮೆ ದಾಟಿ, ದೊಡ್ಡ ದೊಡ್ಡ ಕೆರೆಗಳ ಒಣ ಬಯಲು ದಾಟಿ, ತಾಳೆಮರಗಳಷ್ಟೇ ಇರುವ ಮರಳಿನ ಮೇಲೆ ಹೋಗಿ ಹಡಗಿನ ಎದುರು ನಿಂತಿತಂತೆ. "ಕಿಟಕಿಯಲ್ಲಿ ಒಂದೊಂದೇ ಜಿಲ್ಲೆ ಬಂದು ಟಾಟಾ ಮಾಡಿದ ಹಾಗಾಯ್ತು. ನಾನೂ ಕೈ ಬೀಸಿದೆ, ಹದಿಮೂರು ವರ್ಷದ ಸಣ್ಣವಳಲ್ವಾ, ಬುಟ್ಟಿ ಹೊತ್ತದ್ದು ಬಿಟ್ರೆ ಎಂಥ ಗೊತ್ತಿಲ್ಲ, ಟೂರ್ ಅಂತ ಗ್ರಹಿಸಿದ್ದೆ."

ನನ್ನ ಮಗಳಿಗೆ ಆಂಟಿ ಭೂಗೋಳ ಕಲಿಸಿದ್ದು ಆಪ್ಪದಲ್ಲಿ, ಸಣ್ಣ ಬಾಣಲೆಯಲ್ಲಿ ಹೊಯ್ಯುವ ಅಕ್ಕಿಹಿಟ್ಟಿನ ದೋಸೆಯಲ್ಲಿ. ಆಪ್ಪದ ಅಂಚು ತೆಳು, ನಡು ದಪ್ಪ. ಅದನ್ನು ತಟ್ಟೆಯ ಮೇಲೆ ಬೋರಲು ಹಾಕಿದರೆ ಒಂದು ಗುಡ್ಡ ಏಳುತ್ತದೆ. "ಈ ದಪ್ಪದ್ದು ಘಟ್ಟದ ಮೇಲೆ. ಈ ತೆಳುವಾದದ್ದು ಘಟ್ಟದ ಕೆಳಗೆ, ಗಾಲೆ, ಕೊಲಂಬೊ ಎಲ್ಲ. ಈ ಬಡಗಿನ ತುದಿ ಜಾಫ್ನ, ಅಲ್ಲಿ ಮಳೆ ಕಮ್ಮಿ, ಗರಿಗರಿ. ಮೂಡಲು ಬಟ್ಟಿಕಲೋವ, ಭತ್ತ ಬೆಳೀತಾರೆ. ಒಂಬತ್ತು ಪ್ರಾಂತ್ಯ ಅಂತ ಪುಸ್ತಕದಲ್ಲಿ ಉಂಟು. ಹೊಟ್ಟೆಗೆ ಇಷ್ಟು ಸಾಕು." ಸಿಂಹಳದಲ್ಲಿ ಬೆಟ್ಟದ ಸೀಮೆಗೆ ಉಡರಟ ಎಂದೂ ಕರಾವಳಿ ಸೀಮೆಗೆ ಪಹತರಟ ಎಂದೂ ಹೆಸರು. ಆಂಟಿ ಅದನ್ನು ನಮ್ಮ ದಕ್ಷಿಣ ಕನ್ನಡದ ಲೆಕ್ಕಕ್ಕೆ ಇಳಿಸಿಕೊಂಡಿದ್ದರು. ನಮಗೆ ಜಗತ್ತಿನಲ್ಲಿ ಇರುವುದು ಎರಡೇ ಜಾಗ ತಾನೆ, ಘಟ್ಟದ ಮೇಲೆ ಮತ್ತು ಘಟ್ಟದ ಕೆಳಗೆ.

ಕೊನೆಗೆ ಗುಡ್ಡದ ನೆತ್ತಿಗೆ ಬೆಲ್ಲ ಹಾಕಿದ ತೆಂಗಿನ ಹಾಲು ಸುರಿಯುತ್ತಿದ್ದರು. ಅದು ನಾಲ್ಕೂ ಕಡೆ ಇಳಿಯುತ್ತಿತ್ತು. "ಹೊಳೆಗಳೆಲ್ಲ ನಮ್ಮ ಬೆಟ್ಟದಿಂದಲೇ ಹೊರಡುದು. ಒಂದು ಮೂಡಕ್ಕೆ, ಒಂದು ಪಡುವಕ್ಕೆ, ಒಂದು ತೆಂಕಕ್ಕೆ. ನೀರು ಎಲ್ಲಿಗೆ ಹೋದ್ರೂ ಯಾರೂ ತಡೆಯುದಿಲ್ಲ."

"ಸೋ ಯೂ ಲಿವ್ಡ್ ಆನ್ ದಿ ಯಮ್ಮಿ ಪಾರ್ಟ್?" ಎಂದು ಮಗಳು ಕೇಳಿದಳು.

"ಹೌದು ಪುಟ್ಟಾ. ತಿಂದದ್ದು ಬೇರೆಯವರು."

ಒಮ್ಮೆ ರಜಾದಲ್ಲಿ ಸಮುದ್ರ ನೋಡಲೆಂದು ನಾವು ಚಾರ್ಲ್ಸ್‌ಟನ್ ಕಡೆ ಹೊರಟಾಗ ಆಂಟಿಯನ್ನೂ ಕರೆದುಕೊಂಡು ಹೋದೆವು. ದಾರಿಯಲ್ಲಿ ಒಂದು ಹೋಟೆಲಿನ ಮೇಲೆ 'ಲೋಕಂಟ್ರಿ ಕಿಚನ್' ಎಂಬ ದೊಡ್ಡ ಬೋರ್ಡು. ಆಂಟಿ ಸೀಟ್ ಬೆಲ್ಟ್ ಎಳೆದಾಡಿ "ನಿಲ್ಸು ನಿಲ್ಸು" ಎಂದರು. ಲಂಕೆಯಲ್ಲಿ ಇಂಗ್ಲಿಷ್ ಬಲ್ಲವರು ಪಹತರಟದವರಿಗೆ ಹೇಳುವುದೇ ಲೋ ಕಂಟ್ರಿ ಎಂದು. ಒಳಗೆ ಹೋದವರೇ ಸಿಗಡಿ, ಜೋಳ ಬೇಯಿಸಿ ತಂದಿಟ್ಟ ಬಿಳಿ ಹುಡುಗಿಯನ್ನು ಆಸೆಯಿಂದ ಕೇಳಿದರು, "ಯೂ, ಗಾಲೆ? ಮಾತರ?" ಅವಳು "ನೋ ಮ್ಯಾಮ್, ಬ್ಯೂಫರ್ಟ್" ಎಂದು ಅಲ್ಲೇ ಹತ್ತಿರದ ಊರಿನ ಹೆಸರು ಹೇಳಿದಳು. ಸೌತ್ ಕೆರೊಲಿನಾದಲ್ಲಿ ಸಮುದ್ರದ ಸೀಮೆಗೆ ಲೋಕಂಟ್ರಿ ಎಂದೂ ಬೆಟ್ಟದ ಕಡೆಗೆ ಅಪ್‌ಕಂಟ್ರಿ ಎಂದೂ ಹೆಸರೆಂದು ನಾನು ಬಿಡಿಸಿ ಹೇಳಿದೆ. ಆಂಟಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಇಲ್ಲೂ ಘಟ್ಟದ ಕೆಳಗೆ ಉಂಟಾ! ಹಾಗಾದ್ರೆ ಇದು ನನ್ನದೇ ದೇಶ ಮಾರಾಯ್ತಿ." ಆ ದಿನದಷ್ಟು ಅವರು ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಏಕೆಂದರೆ ಮರುವರ್ಷ ಪೊಂಗಲ್‌ಗೆ ಶಾರ್ಲಟ್‌ನಲ್ಲಿ ಲಂಕೆಯ ತಮಿಳರು ಸೇರುತ್ತಾರೆಂದು ಯಾರೋ ಹೇಳಿ, ಆಂಟಿ ಆಸೆಪಟ್ಟು ಹೋದರು. ಕಾರು ನಾನೇ ಓಡಿಸಿದ್ದೆ. ಪಕ್ಕದಲ್ಲಿ ಕೂತ ಜಾಫ್ನದ ಹೆಂಗಸು ನಗುನಗುತ್ತಾ ಯಾವ ಊರೆಂದು ಕೇಳಿದರು. ಆಂಟಿ ಹ್ಯಾಟನ್ ಎಂದರು. "ಓ, ತೋಟಮಾ?" ಎಂದು, ತೋಟದ ಕೂಲಿಯವರಾ ಎಂಬಂತೆ ಕೇಳಿ, ಆಕೆ ಬಾಳೆಲೆಯನ್ನು ತುಸು ತನ್ನ ಕಡೆಗೆ ಎಳೆದುಕೊಂಡರು. ಅಷ್ಟೇ. ಬೈಗುಳವಿಲ್ಲ, ಜಗಳವಿಲ್ಲ. ಆ ಜನ ಯುದ್ಧದಲ್ಲಿ ಮನೆಮಠ ಕಳೆದುಕೊಂಡು ಬಂದವರು, ನೋವು ಅರಿಯದವರೇನಲ್ಲ. ನೋವು ಉಂಡವರಿಗೂ ತಮಗಿಂತ ಕೆಳಗೆ ಕೂರಿಸಲು ಒಬ್ಬರು ಬೇಕು ಎಂಬುದನ್ನು ನಾನು ಅಲ್ಲಿ ನೋಡಿದೆ. ಪಾಯಸಕ್ಕೆ ಕಾಯದೆ ಆಂಟಿ ಎದ್ದರು.

ನನ್ನ ಅಮ್ಮ ತೀರಿಕೊಂಡದ್ದು ಅದಕ್ಕೂ ಮೊದಲು, ಕೊರೊನಾದ ಎರಡನೇ ಅಲೆಯಲ್ಲಿ. ಊರಿಗೆ ಹೋದರೆ ವೀಸಾ ಸ್ಟ್ಯಾಂಪಿಂಗ್ ಸಿಗದೆ ಅಲ್ಲೇ ಸಿಕ್ಕಿಬೀಳುತ್ತೇನೆಂದು ಹೋಗಲಾಗಲಿಲ್ಲ. ಫೋನಿನ ಪರದೆಯಲ್ಲಿ ಚಿತೆ ನೋಡಿದೆ. ಆವತ್ತು ಆಂಟಿ ಒಳಗೆ ಬಂದು, ಗಂಜಿ ಬೇಯಿಸಿ, ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. "ಊರಿಗೆ ಹೋಗ್ಲಿಕ್ಕೆ ಆಗದವರ ಸಂಕಟ ನಂಗೆ ಗೊತ್ತುಂಟು ಮಗಾ. ಕೂಗು, ಗಟ್ಟಿ ಕೂಗು, ಗೋಡೆಯ ಆಚೆ ನಾನೇ ಅಲ್ವಾ ಇರುದು." ಅಂದು ಅತ್ತಿದ್ದಕ್ಕೇ ಇಂದು ನೆಟ್ಟಗಿದ್ದೇನೆ. ಇಲ್ಲಿಯ ಕನ್ನಡ ಸಂಘದ ನಾನೂರು ಜನರ ವಾಟ್ಸಾಪ್ ಗುಂಪಿನಿಂದ ಬಂದದ್ದು ಕೈಮುಗಿದ ಚಿತ್ರಗಳು.

ಆ ಸಂಘದ್ದೇ ರಾಜ್ಯೋತ್ಸವ. ಒಂದು ಶಾಲೆಯ ಊಟದ ಹಾಲಿನಲ್ಲಿ ನೆಲದ ಮೇಲೆ ದೊಡ್ಡ ಬಟ್ಟೆ ಹಾಸಿ, ಮಕ್ಕಳಿಂದ ಕರ್ನಾಟಕದ ಜಿಲ್ಲೆಗಳನ್ನೆಲ್ಲ ಬರೆಸಿದ್ದರು. ಪ್ರತಿಯೊಬ್ಬರೂ ಅವರವರ ಜಿಲ್ಲೆಯ ಮೇಲೆ ನಿಲ್ಲಬೇಕು, ಮೇಲಿನಿಂದ ಫೋಟೋ. ಆಂಟಿ ಹಳದಿ ಸೀರೆ ಉಟ್ಟು ಬಂದಿದ್ದರು. ದಕ್ಷಿಣ ಕನ್ನಡದ ತೆಂಕ ತುದಿಯಲ್ಲಿ, ಸುಳ್ಯ ಎಲ್ಲಿ ಬರಬೇಕೋ ಸರಿಯಾಗಿ ಅಲ್ಲಿ, ಎರಡೂ ಪಾದ ಜೋಡಿಸಿ ನಿಂತರು. ಪಕ್ಕದಲ್ಲಿ ಪುತ್ತೂರು ನಾನು.

ಸಂಘದ ಸೆಕ್ರೆಟರಿ ಏಣಿಯ ಮೇಲಿಂದ ಕೂಗಿದರು, "ಆಂಟಿ, ಸಿಲೋನ್ ಆಂಟಿ! ನೀವು ಒರಿಜಿನಲಿ ಶ್ರೀಲಂಕಾ ಅಲ್ವಾ? ಸ್ವಲ್ಪ ಸೈಡಿಗೆ ಬನ್ನಿ ಪ್ಲೀಸ್. ಇದು ಓನ್ಲಿ ಕರ್ನಾಟಕ ಫೋಟೋ, ಆಮೇಲೆ ಎಲ್ಲರದೂ ಒಂದು ತೆಗಿಯೋಣ."

ಸೆಕ್ರೆಟರಿಯ ಅಜ್ಜ ಆಂಧ್ರದ ಚಿತ್ತೂರಿನ ಕಡೆಯಿಂದ ಬೆಂಗಳೂರಿಗೆ ಬಂದು ನೆಲೆಸಿದವರು. ಅದನ್ನು ಅವರೇ ಹತ್ತು ಸಲ ಹೆಮ್ಮೆಯಿಂದ ಹೇಳಿದ್ದರು. ಅವರ ಚಪ್ಪಲಿ ಬೆಂಗಳೂರಿನ ಮೇಲೇ ಇತ್ತು, ಜಾಗ ಹಿಡಿದಿಟ್ಟ ಹಾಗೆ. ಅವರಿಗೆ ಯಾರೂ ಎರಡನೆಯ ಪ್ರಶ್ನೆ ಕೇಳಿರಲಿಲ್ಲ.

"ಸುಳ್ಯ ಏನು ನಿಮ್ಮಪ್ಪನ ಜಹಗೀರಾ?" ಎಂದು ನಾನು ಕಿರುಚಿದೆ. ಹಾಲೆಲ್ಲ ತಿರುಗಿ ನೋಡಿತು. ಆಂಟಿ ನನ್ನ ಕೈ ಒತ್ತಿ, ಬಟ್ಟೆ ಸುಕ್ಕಾಗದಂತೆ ಹೆಜ್ಜೆಯಿಡುತ್ತಾ ಕೆಳಗಿನ ಬಲಮೂಲೆಯಿಂದ ಆಚೆ ಇಳಿದರು. ಅಲ್ಲಿ ಎಲ್ಲರ ಚಪ್ಪಲಿ, ಶೂಗಳ ರಾಶಿಯಿತ್ತು. ಅದರ ನಡುವೆ ನಿಂತು ಸೆಕ್ರೆಟರಿಯತ್ತ ಮುಖ ಎತ್ತಿ ಕೇಳಿದರು, "ಇಲ್ಲಿ ಆಗ್ತದಾ? ಲಂಕೆ ಇಲ್ಲೇ ಎಲ್ಲೋ ಬರ್ತದೆ."

ಕೆಲವರು ನಕ್ಕರು. ಆಂಟಿ ತಮಾಷೆ ಮಾಡಿದರೆಂದೇ ಅವರು ತಿಳಿದದ್ದು. ಫೋಟೋದಲ್ಲಿ ಪುತ್ತೂರೂ ಇಲ್ಲ. ನಾನೂ ಇಳಿದು ಹೋಗಿ ಚಪ್ಪಲಿ ರಾಶಿಯಲ್ಲಿ ನಿಂತಿದ್ದೆ.

ಮನೆಗೆ ಬರುವಾಗ ಕಾರಿನಲ್ಲಿ ಆಂಟಿ ಕಿಟಕಿಯ ಕಡೆ ನೋಡುತ್ತಾ, "ಋಷಿಮೂಲ, ನದೀಮೂಲ ಕೇಳ್ಬಾರದು ಅಂತ ಸುಳ್ಯದ ಶಾಲೆಯಲ್ಲಿ ಮಾಷ್ಟ್ರು ಹೇಳಿಕೊಟ್ಟಿದ್ರು" ಎಂದರು. "ಕೂಲಿಯ ಮೂಲ ಮಾತ್ರ ಎಲ್ಲರೂ ಕೇಳ್ತಾರೆ." ಮತ್ತೆಂದೂ ಅವರು ಸಂಘಕ್ಕೆ ಬರಲಿಲ್ಲ. ಆಪ್ಪ ಮಾಡುವುದನ್ನೂ ಕಮ್ಮಿ ಮಾಡಿದರು. ಕೈ ನೋವು ಎಂದರು, ನಾನು ನಂಬಿದ ಹಾಗೆ ಇದ್ದೆ.

ಹೋದ ವಸಂತದಲ್ಲಿ ಒಂದು ಮಧ್ಯಾಹ್ನ, ಅವರ ಮಗಳು ಡ್ಯೂಟಿಯಲ್ಲಿದ್ದಾಗ, ಕುರ್ಚಿಯಲ್ಲಿ ಕೂತಲ್ಲೇ ಆಂಟಿಯ ಹೃದಯ ನಿಂತಿತು. ಗೋಡೆಯ ಈಚೆ ನಾನು ಮೀಟಿಂಗಿನಲ್ಲಿದ್ದೆ. ಒಂದು ಸದ್ದೂ ಕೇಳಲಿಲ್ಲ.

ಸಂಜೆಯ ಹೊತ್ತಿಗೆ ವಾಟ್ಸಾಪ್ ತುಂಬಿಹೋಯಿತು. "ಹೆಮ್ಮೆಯ ಕನ್ನಡತಿ, ಸುಳ್ಯದ ಮಣ್ಣಿನ ಮಗಳು" ಎಂದು ಸೆಕ್ರೆಟರಿ ಬರೆದರು. ಶಾರ್ಲಟ್‌ನ ತಮಿಳರಿಂದ "ಈಳದ ಅನ್ನೆಗೆ ಅಂಜಲಿ", ಅಂದರೆ ಲಂಕೆಯ ತಾಯಿಗೆ ನಮನ, ಎಂದು ಹೂವಿನ ಚಕ್ರ ಬಂತು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು. ಬದುಕಿರುವಾಗ ಕಾಲಿಡಲು ಒಂದು ಅಂಗೈಯಗಲ ಬಟ್ಟೆ ಬಿಡದವರು ಸತ್ತ ಮೇಲೆ ಮಣ್ಣೆಲ್ಲ ಬರೆದುಕೊಟ್ಟರು.

ಬೂದಿ ಬಿಡಲು ಕಟಾಬಾ ನದಿಯ ದಡಕ್ಕೆ ಹೋದೆವು. ಆಂಟಿಯ ಮಗಳು, ನಾನು, ನನ್ನ ಮಗಳು. ಕರೆಯದಿದ್ದರೂ ಸೆಕ್ರೆಟರಿ ಬಿಳಿ ಜುಬ್ಬಾ ಹಾಕಿಕೊಂಡು ಬಂದಿದ್ದರು. ಬಂದವರನ್ನು ಹೋಗಿ ಎನ್ನಲು ಅದು ಸಮಯವಲ್ಲ. ಆಂಟಿಯ ಮಗಳು ಮೊಣಕಾಲಿನ ತನಕ ನೀರಿಗಿಳಿದು ಗಡಿಗೆ ಬಗ್ಗಿಸಿದಳು. ಬೂದಿ ಒಂದು ಕ್ಷಣ ಅಲ್ಲೇ ಸುತ್ತಿ, ಆಮೇಲೆ ಕೆಳಗಿನ ಸೀಮೆಯ ಕಡೆಗೆ ಹೊರಟಿತು.

ಸುಮ್ಮನಿರುವುದು ಕಷ್ಟವಾಯಿತೋ ಏನೋ, ಸೆಕ್ರೆಟರಿ ಗಂಟಲು ಸರಿಮಾಡಿಕೊಂಡು ಕೇಳಿದರು, "ತುಂಬಾ ಪೀಸ್‌ಫುಲ್ ಆಗಿದೆ ಅಲ್ವಾ? ಅಂದ ಹಾಗೆ ಈ ನದಿ ಮೂಲ ಎಲ್ಲಿ?"

ನಾನು ಬಾಯಿ ತೆರೆಯುವ ಮೊದಲೇ, ನೀರಿನಲ್ಲಿ ನಿಂತ ಮಗಳು ಬರಿದಾದ ಗಡಿಗೆಯನ್ನು ಎದೆಗೆ ಅವಚಿಕೊಂಡು ಹೇಳಿದಳು.

"ಘಟ್ಟದ ಮೇಲೆ."