ಹಿತಕಿದ ಅವರೆ ತಂದ ಉಪವಾಸ

ಮಧ್ಯಾಹ್ನದ ಊಟಕ್ಕಾಗಿ ಬೆಳಗಿನಿಂದ ಕಾಯುತ್ತಿದ್ದೆ ಎಂದರೆ ನನ್ನನ್ನು ಹೊಟ್ಟೆಬಾಕಿ ಎಂದುಕೊಳ್ಳಬೇಡಿ. ಎಂಬತ್ತರ ದಶಕದ ಆರಂಭದಲ್ಲಿ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ರೇಡಿಯೋಗಳಿಗೆ ತಂತಿಯ ಸುರುಳಿ ಸುತ್ತುತ್ತಿದ್ದ ನನಗೆ ಬೇಕಾಗಿದ್ದದ್ದು ಅನ್ನವಲ್ಲ, ಮಾತು. ದಾವಣಗೆರೆಯಿಂದ ಬಂದು ಯಶವಂತಪುರದ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದೆ. ಅಲ್ಲಿ ನನ್ನೊಡನೆ ಮಾತಾಡುತ್ತಿದ್ದದ್ದು ಸೀಮೆಎಣ್ಣೆ ಸ್ಟೌ ಮಾತ್ರ, ಅದೂ ಪಂಪು ಹೊಡೆದರೆ.

ಊಟದ ಗಂಟೆಯಾದೊಡನೆ ಹೆಂಗಸರೆಲ್ಲ ಶೆಡ್ಡಿನ ಹಿಂದಿನ ಹೊಂಗೆ ಮರದಡಿ ದುಂಡಗೆ ಕೂತು ಡಬ್ಬಿ ಬಿಚ್ಚುತ್ತಿದ್ದೆವು. ಒಬ್ಬರ ಪಲ್ಯ ಇನ್ನೊಬ್ಬರ ಮುಚ್ಚಳಕ್ಕೆ. ದಿನದಲ್ಲಿ ಆ ಅರ್ಧ ಗಂಟೆ ನನಗೂ ಒಂದು ಮನೆಯಿದೆ ಅನ್ನಿಸುತ್ತಿತ್ತು.

ಅಲ್ಲಿಗೆ ಮಾದನಾಯಕನಹಳ್ಳಿ ಕಡೆಯಿಂದ ಮುನಿಯಮ್ಮ ಎಂಬುವಳು ಹೊಸದಾಗಿ ಕೆಲಸಕ್ಕೆ ಸೇರಿದಳು. ನಮ್ಮ ಜನ ಯಾರ ಜಾತಿಯನ್ನೂ ಕೇಳುವುದಿಲ್ಲ, ಅಷ್ಟು ಅಸಭ್ಯರಲ್ಲ. ಮನೆ ಎಲ್ಲಿ ಎಂದು ಕೇಳುತ್ತಾರೆ. ನಮಗೆಲ್ಲ ಹಿರಿಯರಾದ ಸರೋಜಮ್ಮ ಕೇಳಿದರು: “ನಿಮ್ಮನೆ ಊರೊಳಗೇನಮ್ಮಾ?”

“ಇಲ್ಲಕ್ಕಾ, ಊರಾಚೆ. ಕೆರೆ ಏರಿ ತಾವ.”

ಅಷ್ಟು ಸಾಕಾಯಿತು. ಯಾರೂ ಅವಳನ್ನು ಏಳು ಎನ್ನಲಿಲ್ಲ. ಸರೋಜಮ್ಮ ಅವಳ ಮುಚ್ಚಳಕ್ಕೆ ಧಾರಾಳವಾಗಿಯೇ ಪಲ್ಯ ಹಾಕಿದರು, ಚಮಚ ತಾಗದ ಹಾಗೆ ಮೇಲಿನಿಂದ. ಅವಳು ತನ್ನ ಡಬ್ಬಿ ಮುಂದೆ ಮಾಡಿದಾಗ ಮಾತ್ರ ಒಬ್ಬರಿಗೆ ಸೋಮವಾರದ ಒಪ್ಪತ್ತು ನೆನಪಾಯಿತು, ಇನ್ನೊಬ್ಬರಿಗೆ ಹೊಟ್ಟೆಯುಬ್ಬರ. ಡಬ್ಬಿ ನಾನಿದ್ದ ಕಡೆಗೆ ಬರಲೇ ಇಲ್ಲ. ನಮ್ಮ ಹಿರಿಯರು ವಾರದ ಏಳು ದಿನಗಳನ್ನೂ ಒಂದೊಂದು ದೇವರಿಗೆ ಹಂಚಿದ್ದೇಕೆ ಎಂಬುದು ನನಗೆ ಆ ಮರದಡಿಯಲ್ಲಿ ಹೊಳೆಯಿತು. ಯಾವ ದಿನ ಯಾರ ಕೈಯಡುಗೆ ಬೇಡವೆಂದರೂ ಸಾಕ್ಷಿ ಹೇಳಲು ಒಬ್ಬ ದೇವರು ಸಿಗುತ್ತಾನೆ.

ಮುನಿಯಮ್ಮ ತನ್ನ ಅಡುಗೆಯಲ್ಲೇ ಕೊರತೆ ಎಂದುಕೊಂಡಳೋ, ಎಲ್ಲ ಗೊತ್ತಿದ್ದೂ ಇನ್ನೊಮ್ಮೆ ನೋಡೋಣ ಎಂದುಕೊಂಡಳೋ, ಅದೇ ವಾರ ದೊಡ್ಡ ಡಬ್ಬಿಯ ತುಂಬ ಹಿತಕಿದ ಅವರೆ ಸಾರು ತಂದಳು. ಅವರೆಕಾಳನ್ನು ನೆನೆಸಿ, ಒಂದೊಂದನ್ನೇ ಬೆರಳಲ್ಲಿ ಹಿತುಕಿ ಸಿಪ್ಪೆ ಬಿಡಿಸಬೇಕು. ತನ್ನೊಬ್ಬಳ ಹೊಟ್ಟೆಗಾಗಿ ಯಾರೂ ಆ ಕೆಲಸಕ್ಕೆ ಕೈಹಾಕುವುದಿಲ್ಲ. ನಾನಂತೂ ಬೆಂಗಳೂರಿಗೆ ಬಂದ ಮೇಲೆ ಹಾಕಿರಲಿಲ್ಲ.

“ಎಲ್ಲಾರ್ಗೂ ಆಗ್ಲಿ ಅಂತ ತಂದಿವ್ನಿ. ಆಕುಸ್ಕಳಿ ಅಕ್ಕಾ.”

“ಇವತ್ತು ಸಂಕಷ್ಟಿ ಕಣಮ್ಮಾ, ಉಪವಾಸ,” ಎಂದರು ಸರೋಜಮ್ಮ, ಮೊಸರನ್ನ ಕಲಸುತ್ತಲೇ.

ಸುತ್ತಲೂ ಘಮಘಮ, ಯಾರೂ ಕೈ ಚಾಚಲಿಲ್ಲ. ಮುನಿಯಮ್ಮ ಮೆಲ್ಲಗೆ ಡಬ್ಬಿ ಮುಚ್ಚತೊಡಗಿದಳು. ಬಸ್ಸಿನ ನೂಕುನುಗ್ಗಲಲ್ಲಿ ಅದನ್ನು ಚೆಲ್ಲದಂತೆ ತಂದವಳು ಈಗ ಹಾಗೇ ವಾಪಸು ಹೊರಬೇಕಲ್ಲ ಎಂದು ನನಗೆ ಸಂಕಟವಾಯಿತು. ಎದ್ದು ಹೋಗಿ ನನ್ನ ಮುಚ್ಚಳ ಚಾಚಿದೆ. ಎರಡನೆಯ ಸಲವೂ ಹಾಕಿಸಿಕೊಂಡೆ. ಕ್ರಾಂತಿಯೇನಲ್ಲ, ಸಾರು ಅಷ್ಟು ಚೆನ್ನಾಗಿತ್ತು.

ಮರುದಿನ ನನ್ನ ಉಪ್ಪಿಟ್ಟಿನ ಡಬ್ಬಿಯನ್ನು ಸರೋಜಮ್ಮನ ಮುಂದೆ ಹಿಡಿದೆ.

“ಬೇಡ ಕಣೇ, ಇವತ್ತು ನಂಗೆ ಒಪ್ಪತ್ತು,” ಎಂದರು. ಪಕ್ಕದವಳಿಗೂ ಒಪ್ಪತ್ತು. ಅವಳ ಪಕ್ಕದವಳು ನನ್ನ ಕಡೆ ನೋಡಲೇ ಇಲ್ಲ. ಅಷ್ಟು ಜನರ ನಡುವೆ ಕೂತು ನನಗೆ ಯಶವಂತಪುರದ ಕೋಣೆಯೇ ವಾಸಿ ಅನ್ನಿಸಿತು.

ಮುನಿಯಮ್ಮ ಅಲ್ಲಿರಲಿಲ್ಲ. ಕಾಂಪೌಂಡಿನ ಮೂಲೆಯಲ್ಲಿ, ನೀರಿನ ತೊಟ್ಟಿಯ ಪಕ್ಕ ಒಬ್ಬಳೇ ಕೂತಿದ್ದಳು. ಡಬ್ಬಿ ಹಿಡಿದು ಅಲ್ಲಿಗೆ ಹೋದೆ. ಅವಳು ಗಾಬರಿಯಾದಳು.

“ಇಲ್ಲಿಗ್ಯಾಕ್ ಬಂದ್ರಕ್ಕಾ? ನಿಮ್ಗೋಸ್ಕರಾನೇ ನಾನು ದೂರ ಬಂದಿದ್ದು. ಅಲ್ಲೋಗಿ ಕುಂತ್ಕಳಿ. ನನ್ನಿಂದ ನೀವ್ಯಾಕೆ ಒಂಟಿಯಾಗ್ಬೇಕು?”

“ಅಲ್ಲೂ ಒಂಟೀನೇ ಕಣೇ. ಜರುಗು,” ಎಂದು ಪಕ್ಕದಲ್ಲಿ ಕೂತು ಉಪ್ಪಿಟ್ಟನ್ನು ಅವಳ ಮುಂದಿಟ್ಟೆ. ಅವಳು ಒಂದು ತುತ್ತು ಬಾಯಿಗಿಟ್ಟು, ಕಷ್ಟಪಟ್ಟು ನುಂಗಿದಳು.

“ಅಕ್ಕಾ, ಇದುನ್ನ ಬ್ಯಾಡ ಅಂದೋರ್ ಮ್ಯಾಲೆ ಮಾತ್ರ ನಂಗೆ ಕ್ವಾಪ ಇಲ್ಲ.”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಮರದಡಿಯವರು ಮಾತು ನಿಲ್ಲಿಸಿ ನಮ್ಮತ್ತ ನೋಡಿದರು. ಏನಾಯಿತೆಂದು ಕೇಳಲು ಅವರಿಗೂ ಆಸೆಯಿತ್ತು, ಆದರೆ ಒಬ್ಬರೂ ಎದ್ದು ಬರಲಿಲ್ಲ. ಪಾಪ, ನಗುವಿಗೂ ಅವರಿಗೆ ಆ ದಿನ ಉಪವಾಸ.